ತಿರುಗುಮುರುಗಾದ ಕ್ಯೂ

ಪಕ್ಕದ ಮನೆಯ ಅಶ್ವಿನಿಗೆ ಸವಳಂಗ ರಸ್ತೆ ಕಡೆಯ ಒಂದು ಸೊಸೈಟಿಯಲ್ಲಿ ಕೆಲಸ ಸಿಕ್ಕಿದೆ. ರೇಷನ್ ಕೊಡುವ ಕೆಲಸ. ನಾನು ಜೀವನ ಪೂರ್ತಿ ಮಾಡಿದ್ದೂ ಅದನ್ನೇ, ಮೊದಲು ಭದ್ರಾವತಿಯಲ್ಲಿ, ಆಮೇಲೆ ಶಿವಮೊಗ್ಗದಲ್ಲಿ. ಹೋದ ತಿಂಗಳು ಅವಳು ಬಂದು ಜಗಲಿ ಮೇಲೆ ಕೂತು, "ಅಜ್ಜಿ, ಅಕ್ಕಿ ತೂಗೋದು ಕಲ್ತೆ, ಮಿಷನ್ನೂ ಕಲ್ತೆ. ಈ ಜನರನ್ನ ನಿಲ್ಸೋದೇ ಬರ್ತಿಲ್ಲ" ಅಂದಳು. ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಮೊಬೈಲು ನೋಡುತ್ತಾಳೆ. ಅದಕ್ಕೆ ಬರೆದಿಡುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದಲಿ.

ನಾನು ಕೆಲಸಕ್ಕೆ ಸೇರಿದಾಗ ಕ್ಯೂ ಅನ್ನುವ ಮಾತೇ ನನಗೆ ಗೊತ್ತಿರಲಿಲ್ಲ. ನಮ್ಮ ಮಲವಗೊಪ್ಪದಲ್ಲಿ ಊಟಕ್ಕೆ ಕೂತರೆ ಸಾಲು, ಗದ್ದೆಗೆ ನೀರು ಬಿಟ್ಟುಕೊಂಡರೆ ಪಾಳಿ. ಭದ್ರಾವತಿಗೆ ಹೋದರೆ ಕಾರ್ಖಾನೆ ಕಡೆಯ ತಮಿಳಿನವರು ವರಿಸೆ ಅನ್ನುತ್ತಿದ್ದರು, ತೆಲುಗಿನವರು ವರುಸ ಅನ್ನುತ್ತಿದ್ದರು, ಮೂಟೆ ಇಳಿಸುವ ಬಾಷಾ ಸಾಬರು ಲೈನು ಅನ್ನುತ್ತಿದ್ದರು. ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ತಾಗುತ್ತಿರಲಿಲ್ಲ. ನಮ್ಮ ಸೆಕ್ರೆಟರಿ ಒಂದು ಕಪ್ಪು ಹಲಗೆ ತಂದು, ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, "ಕ್ಯೂನಲ್ಲಿ ಬನ್ನಿ ಅಂತ ಬರೀರಿ" ಅಂದರು. ಬರೆದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಕ್ಯೂ ಬಂತು. ಅದು ಯಾರ ಮನೆಯ ಮಾತೂ ಅಲ್ಲ. ಹಾಗಾಗಿ ಅದಕ್ಕಾಗಿ ಯಾರೂ ಜಗಳ ಆಡಲಿಲ್ಲ.

ಆಮೇಲೆ ಅದು ನಮ್ಮ ಅಂಗಡಿಯಲ್ಲಿ ಮಾತ್ರ ಉಳಿಯಲಿಲ್ಲ. ಗಂಡು ತೋರಿಸುವವನು ಬಂದು, ಈ ಹುಡುಗಿಗೆ ಗಂಡುಗಳು ಕ್ಯೂ ನಿಂತಿದ್ದಾರೆ ಅನ್ನುತ್ತಾನೆ. ಅಂಥ ಹುಡುಗಿಗೆ ಇವನು ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ. ಗ್ಯಾಸಿಗೆ ಫೋನು ಮಾಡಿದರೆ ಯಾರೋ ಹೆಂಗಸು ನೀವು ಕ್ಯೂನಲ್ಲಿದ್ದೀರಿ ಅನ್ನುತ್ತಾಳೆ. ನನ್ನ ಮುಂದೆ ಯಾರ ಬೆನ್ನೂ ಕಾಣುವುದಿಲ್ಲ, ಅದೆಂಥ ಕ್ಯೂ? ಕ್ಯೂ ಅಂದರೆ ಮುಂದಿನವರ ಬೆನ್ನು ಕಾಣಬೇಕು, ಹಿಂದಿನವರ ಉಸಿರು ಕೇಳಬೇಕು.

ಸಾಲಿಗೂ ಕ್ಯೂಗೂ ವ್ಯತ್ಯಾಸ ಇದೆ, ಅದನ್ನು ಅಶ್ವಿನಿ ಮೊದಲು ತಿಳಿಯಬೇಕು. ಸಾಲಿನಲ್ಲಿ ತೆಂಗಿನ ಗಿಡವೂ ನಿಲ್ಲುತ್ತದೆ. ಯಾವ ತುದಿಯಿಂದ ನೋಡಿದರೂ ಸಾಲು ಸಾಲೇ. ಕ್ಯೂಗೆ ತಲೆ ಬೇರೆ, ಬಾಲ ಬೇರೆ. ನಾನು ಒಂದು ಸಲ ಅದನ್ನು ಮರೆತೆ. ಅದರ ಕಥೆಯನ್ನೇ ಹೇಳಬೇಕು.

ಆಗ ಎಲ್ಲರ ಮನೆಯಲ್ಲೂ ಗ್ಯಾಸು ಇರಲಿಲ್ಲ. ಸೀಮೆಎಣ್ಣೆ ಬರುವ ದಿನವೇ ಹಬ್ಬ, ಅದೇ ದಿನ ಯುದ್ಧ. ಲಾರಿ ಇಂಥ ಹೊತ್ತಿಗೇ ಬರುತ್ತದೆ ಅಂತ ಹೇಳುವ ಹಾಗಿರಲಿಲ್ಲ. ಬೆಳಿಗ್ಗೆ ಅಂದದ್ದು ಮಧ್ಯಾಹ್ನ ಆಗುತ್ತಿತ್ತು. ಅಲ್ಲಿಯವರೆಗೆ ನಿಲ್ಲಲು ಯಾರಿಗೆ ಬಿಡುವಿದೆ? ಹಾಗಾಗಿ ಜನರ ಬದಲು ಡಬ್ಬಗಳು ನಿಲ್ಲುತ್ತಿದ್ದವು. ಬೆಳಕು ಹರಿಯುವ ಹೊತ್ತಿಗೆ ಹೆಂಗಸರು ಬಂದು ಬಾಗಿಲಿನಿಂದ ಶುರು ಮಾಡಿ ಗೋಡೆ ಉದ್ದಕ್ಕೂ ಡಬ್ಬ ಇಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಬಿಳಿ ಕ್ಯಾನು, ಎಣ್ಣೆ ಟಿನ್ನು, ಕೈ ಮುರಿದ ಕೊಡ. ಒಬ್ಬಳು ಕೆಂಪು ರಿಬ್ಬನ್ ಕಟ್ಟುತ್ತಿದ್ದಳು, ಇನ್ನೊಬ್ಬಳು ಗಂಡನ ಹರಕು ಬನಿಯನ್ ಸುತ್ತುತ್ತಿದ್ದಳು. ಡಬ್ಬ ತರಲು ಮರೆತವರು ಒಂದು ಕಲ್ಲಿಟ್ಟು ಹೋಗುತ್ತಿದ್ದರು. ಆ ಕಲ್ಲನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಮನುಷ್ಯರು ನಿಂತ ಕ್ಯೂನಲ್ಲಿ ನುಗ್ಗುವವರೂ ಡಬ್ಬದ ಕ್ಯೂನಲ್ಲಿ ನುಗ್ಗುತ್ತಿರಲಿಲ್ಲ. ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಕ್ಯೂನಲ್ಲಿ ಯಾವಾಗಲೂ ಮೊದಲನೇ ಡಬ್ಬ ಮುನಿಯಮ್ಮನದು. ಹಸಿರು ಕ್ಯಾನು, ಮುಚ್ಚಳದ ಬದಲು ಜೋಳದ ಬೆಂಡು. ಅವಳು ಕಾರ್ಖಾನೆ ಗೇಟಿನ ಪಕ್ಕ ಪಂಪ್ ಸ್ಟೋವ್ ಇಟ್ಟುಕೊಂಡು ದೋಸೆ, ಟೀ ಮಾಡುತ್ತಿದ್ದಳು. ಗಂಡ ಇರಲಿಲ್ಲ, ಇಬ್ಬರು ಹೆಣ್ಣುಮಕ್ಕಳಿದ್ದರು. ಗೇಟಿನ ಪಕ್ಕ ಸೌದೆ ಒಲೆ ಹಚ್ಚಲು ವಾಚ್‌ಮನ್ ಬಿಡುತ್ತಿರಲಿಲ್ಲ, ಸ್ಟೋವ್ ಒಂದಕ್ಕೆ ಮಾತ್ರ ಒಪ್ಪಿದ್ದ. ಅಲ್ಲಿ ಇನ್ನೊಂದು ಕಟ್ಟಳೆ ಇತ್ತು. ಆ ಜಾಗಕ್ಕೆ ಕಾಗದ ಇಲ್ಲ, ಪತ್ರ ಇಲ್ಲ. ದಿನಾ ಬಂದು ಕೂತವರದ್ದು ಜಾಗ. ಒಂದು ದಿನ ತಪ್ಪಿಸಿದರೆ ಮಾರನೇ ದಿನ ಅಲ್ಲಿ ಬೇರೆಯವರ ಸ್ಟೋವ್ ಉರಿಯುತ್ತಿರುತ್ತಿತ್ತು. ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಒಬ್ಬ ಬೋಂಡದವನು ರಸ್ತೆಯ ಆಚೆ ಬದಿಯಲ್ಲೇ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮುನಿಯಮ್ಮನಿಗೆ ಸೀಮೆಎಣ್ಣೆ ಅಂದರೆ ಜಾಗ, ಜಾಗ ಅಂದರೆ ಮಕ್ಕಳ ಅನ್ನ. ಇದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಆ ದಿನ ಲಾರಿ ಬಂದಾಗ ಸೊಸೈಟಿ ಮುಂದಿನ ಚರಂಡಿಯ ಚಪ್ಪಡಿ ಮುರಿದಿತ್ತು. ಬ್ಯಾರಲ್ ಉರುಳಿಸಿಕೊಂಡು ಬರಲು ಡಬ್ಬ ಇಟ್ಟ ಗೋಡೆಯ ಕಡೆಯಿಂದಲೇ ದಾರಿ ಮಾಡಬೇಕಾಯಿತು. ಸೆಕ್ರೆಟರಿ ಒಳಗಿನಿಂದಲೇ, ಡಬ್ಬಗಳನ್ನು ಎದುರು ಗೋಡೆಗೆ ಸರಿಸಿ ಅಂದರು. ನಾನು ಸೇರಿ ಇನ್ನೂ ಐದು ತಿಂಗಳು, ಆರಕ್ಕೆ ಖಾಯಂ ಮಾಡುತ್ತೇವೆ ಅಂದಿದ್ದರು. ಹುರುಪಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಬಾಷಾ ಸಾಬರೂ ಶುರು ಮಾಡಿದೆವು. ಬಾಗಿಲ ಹತ್ತಿರ ಇದ್ದ ಡಬ್ಬ ಮೊದಲು ಎತ್ತಿದೆವು, ಎದುರು ಗೋಡೆಯ ದೂರದ ತುದಿಗೆ ಇಟ್ಟೆವು. ಎರಡನೆಯದು ಅದರ ಈಚೆಗೆ, ಮೂರನೆಯದು ಅದರ ಈಚೆಗೆ. ಅಡುಗೆಮನೆ ಗೂಡಿನಲ್ಲಿ ಪಾತ್ರೆ ಜೋಡಿಸುವವಳು ಹಿಂದಿನಿಂದ ತುಂಬಿಸಿಕೊಂಡು ಬರುತ್ತಾಳಲ್ಲ, ಕೈಗೆ ಅದೇ ರೂಢಿ. ಕಡೆಯ ಡಬ್ಬ ಬಾಗಿಲ ಎದುರಿಗೆ ಬಂತು. ಅಚ್ಚುಕಟ್ಟಾಗಿ ಇಟ್ಟೆವು ಅಂತ ಖುಷಿಯೂ ಆಯಿತು. ತಲೆ ಬಾಲ ಆಯಿತು, ಬಾಲ ತಲೆ ಆಯಿತು.

ನೋಡಿದವರು ಹೇಳಲಿಲ್ಲವೇ ಅಂತ ಅಶ್ವಿನಿ ಕೇಳಬಹುದು. ಅಲ್ಲಿ ನಿಂತಿದ್ದವರು ಯಾರು? ಬೇಗ ಬಂದು ಡಬ್ಬ ಇಟ್ಟವರೆಲ್ಲ ಕೆಲಸಕ್ಕೆ ಹೋಗಿದ್ದರು. ನಿಧಾನ ಎದ್ದು, ತಿಂಡಿ ತಿಂದು, ಕಡೆಗೆ ಬಂದವರು ಮಾತ್ರ ನಿಂತಿದ್ದರು. ಅವರಿಗೆ ನಿಂತಲ್ಲೇ ಮೊದಲ ನಂಬರು ಬಂತು. ಒಬ್ಬಳ ಮುಖದಲ್ಲೂ ಏನೂ ಕಾಣಲಿಲ್ಲ. ಲಾಳಿಕೆ ಹಿಡಿದು ನಾನು ಅಳೆದು ಅಳೆದು ಹಾಕಿದೆ.

ಬ್ಯಾರಲ್ ಮುಕ್ಕಾಲು ಖಾಲಿಯಾಗಿತ್ತು, ಆಗ ಮುನಿಯಮ್ಮ ಬಂದಳು. ಶಿಫ್ಟಿನವರಿಗೆ ದೋಸೆ ಹಾಕಿ ಮುಗಿಸಿ, ಕೈಯ ಹಿಟ್ಟೂ ತೊಳೆಯದೆ ಬಂದಿದ್ದಳು. ಬಾಗಿಲ ಹತ್ತಿರ ಡಬ್ಬ ಹುಡುಕಿದಳು, ಇರಲಿಲ್ಲ. ಕಣ್ಣು ಗೋಡೆ ಉದ್ದಕ್ಕೂ ಹೋಗಿ ಕಡೇ ತುದಿಯಲ್ಲಿ ನಿಂತಿತು.

"ಎನ್ನಮ್ಮಾ ಇದು" ಅಂದಳು. "ನಂದು ಫಸ್ಟ್ ಇತ್ತಲ್ಲ."

ಆಗ ನನಗೆ ಹೊಳೆಯಿತು. ಕೈಯಲ್ಲಿ ಲಾಳಿಕೆ ಹಾಗೇ ನಿಂತಿತು. ಸೆಕ್ರೆಟರಿ ಹೊರಗೆ ಬಂದರು. ಅವರು ಕೆಟ್ಟವರಲ್ಲ, ಗಲಾಟೆ ಅಂದರೆ ಹೆದರುವ ಮನುಷ್ಯ. ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು ಅಂದರೆ ಹೆದರಿದ್ದಾರೆ ಅಂತ ಅರ್ಥ. ಬಾಚಿಕೊಂಡು, "ಡಬ್ಬ ಎಲ್ಲಿದೆಯೋ ಅದೇ ನಂಬರು. ಈಗ ಬದಲಾಯ್ಸಕ್ಕೆ ಆಗಲ್ಲ. ಹಾಕಿ ಗಿರಿಜಮ್ಮ" ಅಂದರು.

ನಾನು ಹಾಕಿದೆ. ಖಾಯಂ ಆಗಲು ಒಂದೇ ತಿಂಗಳಿತ್ತು, ಹಾಕಿದೆ. ಮುನಿಯಮ್ಮನದೂ ಸೇರಿ ನಾಲ್ಕು ಡಬ್ಬ ಉಳಿದಿರುವಾಗ ಬ್ಯಾರಲ್ ಬರಿದಾಯಿತು. ಬಾಷಾ ಸಾಬರು ಅದನ್ನು ಓರೆ ಮಾಡಿ ಹಿಡಿದರು, ತಳದ ಗಸಿಯೂ ಬರಲಿಲ್ಲ. ಅವಳು ಕೂಗಾಡಲಿಲ್ಲ. ಹಸಿರು ಕ್ಯಾನು ಎತ್ತಿಕೊಂಡು, ಬೆಂಡನ್ನು ಅಂಗೈಯಲ್ಲಿ ಗುದ್ದಿ ಗಟ್ಟಿ ಮಾಡಿ ಹೋದಳು. ಖಾಲಿ ಡಬ್ಬಕ್ಕೆ ಯಾಕೆ ಬೆಂಡು ಗಟ್ಟಿ ಮಾಡುತ್ತಾಳೆ ಅಂತ ನೋಡುತ್ತಾ ನಿಂತೆ.

ನಮ್ಮಲ್ಲಿ ಇನ್ನೊಂದು ಅಭ್ಯಾಸ ಇತ್ತು, ಮುಚ್ಚಿಟ್ಟು ಬರೆಯುವುದಿಲ್ಲ. ಕೆಲಸದವರ ಡಬ್ಬ ಕ್ಯೂನಲ್ಲಿ ನಿಲ್ಲುತ್ತಿರಲಿಲ್ಲ. ಬ್ಯಾರಲ್ ಬಾಯಿ ತೆರೆದ ತಕ್ಷಣ ಮೊದಲು ನಮ್ಮದು ತುಂಬಿ ಬಾಗಿಲ ಹಿಂದೆ ಇಡುತ್ತಿದ್ದೆವು. ಸಂಜೆ ನಾನು ಆ ಡಬ್ಬ ಹಿಡಿದುಕೊಂಡು ಮುನಿಯಮ್ಮನ ಮನೆಗೆ ಹೋದೆ. ಅವಳು ಹೊಸ್ತಿಲ ಮೇಲೆ ಕೂತು ಶೇಂಗಾ ಆರಿಸುತ್ತಿದ್ದಳು. ಡಬ್ಬ ಮುಂದಿಟ್ಟು, ತಪ್ಪಾಯಿತು, ಇದು ಇಟ್ಟುಕೋ ಅಂದೆ. ತಲೆ ಎತ್ತಲಿಲ್ಲ.

"ನಿನ್ ಎಣ್ಣೆ ನಂಗೆ ಬ್ಯಾಡ ಗಿರಿಜಮ್ಮ. ನಾನು ಭಿಕ್ಷೆ ಕೇಳಕ್ಕೆ ಬಂದಿರಲಿಲ್ಲ, ಫಸ್ಟ್ ಬಂದಿದ್ದೆ."

ಅಷ್ಟೇ. ಡಬ್ಬ ಎತ್ತಿಕೊಂಡು ವಾಪಸು ಬಂದೆ. ಮಲವಗೊಪ್ಪದ ಬಸ್ಸಿನಲ್ಲಿ ಸೀಮೆಎಣ್ಣೆ ವಾಸನೆಗೆ ಪಕ್ಕದವಳು ಮೂಗು ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿ. ಕೊಟ್ಟದ್ದನ್ನು ತೆಗೆದುಕೊಳ್ಳಲಿಲ್ಲವಲ್ಲ, ಎಷ್ಟು ಸೊಕ್ಕು ಅಂತ ಅವಳ ಮೇಲೇ ಸಿಟ್ಟು ಮಾಡಿಕೊಂಡೆ. ತಪ್ಪು ಮಾಡಿದವರಿಗೆ ಅದೊಂದು ಅನುಕೂಲ.

ಮಾರನೇ ದಿನ ಬೆಳಿಗ್ಗೆ ಬಸ್ಸಿಳಿದು ಗೇಟಿನ ಮುಂದೆಯೇ ನಡೆದೆ. ಮುನಿಯಮ್ಮ ತನ್ನ ಜಾಗದಲ್ಲಿ ಕೂತಿದ್ದಳು. ಮುಂದೆ ಸ್ಟೋವ್, ಉರಿ ಇಲ್ಲ. ಸ್ಟೋವಿನ ಮೇಲೆ ದೋಸೆ ಹಂಚು, ಹಂಚಿನ ಮೇಲೆ ಮನೆಯ ಸೌದೆ ಒಲೆಯಲ್ಲಿ ಬೇಯಿಸಿ ತಂದ ಒಂದು ಬುಟ್ಟಿ ಶೇಂಗಾ. ದೋಸೆ ಇಲ್ಲವೇ ಅಂತ ಕೇಳಿದವರಿಗೆ ಎಣ್ಣೆ ಬರಲಿ ಅನ್ನುತ್ತಿದ್ದಳು. ಕೆಲವರು ನಕ್ಕರು, ಕೆಲವರು ಶೇಂಗಾ ತೆಗೆದುಕೊಂಡರು. ಆಚೆ ಬದಿಯ ಬೋಂಡದವನು ಗಾಡಿಯನ್ನು ಅರ್ಧ ರಸ್ತೆಗೆ ತಂದು ನಿಲ್ಲಿಸಿದ್ದ. ಅವಳು ಮೂತ್ರಕ್ಕೆ ಎದ್ದರೂ ಸಾಕು ಅನ್ನುವ ಹಾಗೆ ನೋಡುತ್ತಿದ್ದ.

ಡಬ್ಬ ಇಟ್ಟು ಜಾಗ ಹಿಡಿಯುತ್ತಿದ್ದವಳು ಈಗ ತಾನೇ ಡಬ್ಬದ ಹಾಗೆ ಕೂತಿದ್ದಳು. ಎರಡನೇ ದಿನವೂ ಕೂತಳು, ಮೂರನೇ ದಿನವೂ ಕೂತಳು. ಮೂರನೇ ದಿನ ಬೋಂಡದವನು ಗಾಡಿ ತಂದು ಅವಳ ಮೊಣಕಾಲಿಗೇ ತಾಗಿಸಿದನಂತೆ. ಇನ್ನೊಂದು ದಿನ ನೋಡ್ತೀನಿ, ಆಮೇಲೆ ತಣ್ಣಗಿರೋ ಸ್ಟೋವಿಗೆ ಜಾಗ ಯಾಕೆ ಅಂದನಂತೆ. ಇದನ್ನು ನನಗೆ ಹೇಳಿದ್ದು ಬಾಷಾ ಸಾಬರು.

ನಾನು ಸೆಕ್ರೆಟರಿ ಹತ್ತಿರ ಹೋಗಿ, ಮುಂದಿನ ಲಾರಿ ಬಂದಾಗ ಹೋದ ಸಲ ಸಿಗದವರಿಂದ ಶುರು ಮಾಡೋಣ ಅಂದೆ. ಅವರು ಬಾಚಣಿಗೆ ತೆಗೆದರು. ತಪ್ಪು ಒಪ್ಪಿಕೊಂಡರೆ ನಾಳೆಯಿಂದ ಎಲ್ಲರೂ ಏನಾದರೂ ಒಂದು ತಪ್ಪು ಹುಡುಕಿಕೊಂಡು ಬರುತ್ತಾರೆ, ನಿಮ್ಮ ಆರ್ಡರು ಟೈಪ್ ಆಗುತ್ತಾ ಇದೆ, ಸುಮ್ಮನಿರಿ ಅಂದರು. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಸುಮ್ಮನೆ ಬಂದೆ.

ನಾಲ್ಕನೇ ದಿನ ಆ ತಿಂಗಳು ಬರಬೇಕಾಗಿದ್ದ ಬಾಕಿ ಸೀಮೆಎಣ್ಣೆ ಲೋಡು ಬಂತು. ಬೆಳಿಗ್ಗೆಯೇ ಸುದ್ದಿ ಹರಡಿ ಗೋಡೆ ಉದ್ದಕ್ಕೂ ಡಬ್ಬ ನಿಂತಿದ್ದವು. ಹಸಿರು ಕ್ಯಾನು ಇರಲಿಲ್ಲ. ಮುನಿಯಮ್ಮ ಜಾಗ ಬಿಟ್ಟು ಏಳುವ ಹಾಗಿರಲಿಲ್ಲ, ತಣ್ಣಗಿನ ಸ್ಟೋವಿನ ಮುಂದೆ ಮಗಳನ್ನು ಕೂರಿಸಿದರೆ ಬೋಂಡದವನು ಎಬ್ಬಿಸಿಬಿಡುತ್ತಿದ್ದ. ಎಣ್ಣೆಗೆ ಬಂದರೆ ಜಾಗ ಹೋಗುತ್ತದೆ, ಬರದಿದ್ದರೂ ನಾಳೆ ಹೋಗುತ್ತದೆ.

ಬ್ಯಾರಲಿನ ಬಾಯಿ ತೆರೆದರು. ನಾನು ನನ್ನ ಖಾಲಿ ಡಬ್ಬ ಬಾಗಿಲ ಹಿಂದಿನಿಂದ ತೆಗೆದು ಕ್ಯೂನ ಕಡೇ ತುದಿಗೆ ಇಟ್ಟು ಬಂದೆ. ಆಮೇಲೆ ಲಾಳಿಕೆ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಹೇಳಿದೆ.

"ಹೋದ ಸಲ ಡಬ್ಬ ಸರಿಸುವಾಗ ನಾನು ಹಿಂದು ಮುಂದು ಮಾಡ್ದೆ. ಕಡೇಗೆ ಬಂದೋರಿಗೆ ಮೊದಲು ಹೋಯ್ತು. ಮೊದಲು ಬಂದ ನಾಕು ಜನಕ್ಕೆ ಸಿಗಲಿಲ್ಲ. ಇವತ್ತು ಅವರದ್ದು ಮೊದಲು."

ಹೂವಿನ ಸೀರೆ ಉಟ್ಟ ಒಬ್ಬಳು, ಹೋದ ಸಲ ಕಡೆಗೆ ಬಂದು ಮೊದಲು ತುಂಬಿಸಿಕೊಂಡವಳು, ಅದೆಲ್ಲ ಯಾರಿಗೆ ನೆನಪಿರುತ್ತೆ, ಯಾರು ಬೇಕಾದರೂ ನಾನು ಮೊದಲಿದ್ದೆ ಅಂತಾರೆ ಅಂದಳು. ಸೆಕ್ರೆಟರಿ ಬಾಗಿಲಿಗೆ ಬಂದರು, ಬಾಚಣಿಗೆ ಕೈಯಲ್ಲೇ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಬಾಷಾ ಸಾಬರು ಬ್ಯಾರಲಿಗೆ ಒರಗಿದವರು, "ಸಾಬ್, ಗಲತಿ ಬರೇ ಅಮ್ಮಂದಲ್ಲ. ಎತ್ತಿದ್ದು ನಾಲ್ಕು ಕೈ, ಎರಡು ನಂದು" ಅಂದರು.

ಆಮೇಲೆ ನಡೆದದ್ದನ್ನು ನಾನು ಯಾವ ಟ್ರೈನಿಂಗಿನಲ್ಲೂ ಕೇಳಿಲ್ಲ. ಕೆಂಪು ರಿಬ್ಬನ್ನಿನವಳು, ನಾನು ಮುನಿಯಮ್ಮನ ಹಿಂದೆ ಇಟ್ಟಿದ್ದೆ ಅಂದಳು. ಬನಿಯನ್ ಸುತ್ತಿದವಳು, ನಾನು ರಿಬ್ಬನ್ನಿನ ಹಿಂದೆ ಅಂದಳು. ಕಲ್ಲಿಟ್ಟು ಹೋಗಿದ್ದ ಮುದುಕಿ, ಬನಿಯನ್ ನೋಡಿಕೊಂಡೇ ನಾನು ಕಲ್ಲಿಟ್ಟೆ ಅಂದಳು. ಪೂರಾ ಕ್ಯೂ ಯಾರಿಗೂ ಗೊತ್ತಿರಲಿಲ್ಲ. ಪ್ರತಿಯೊಬ್ಬಳಿಗೂ ಮುಂದಿನವಳೊಬ್ಬಳು ಗೊತ್ತಿದ್ದಳು. ಅಷ್ಟು ಸಾಕಾಯಿತು. ಎರಡು ನಿಮಿಷದಲ್ಲಿ ನಾಲ್ವರೂ ಸಿಕ್ಕರು. ಸೆಕ್ರೆಟರಿ ಬಾಚಣಿಗೆ ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಮೊದಲನೆಯವಳ ಡಬ್ಬವೇ ಇಲ್ಲವಲ್ಲ, ಏನು ಮಾಡೋದು? ಬಾಷಾ ಸಾಬರು ಗೇಟಿಗೆ ಹೋಗಿ, "ನೀನು ಏಳ್ಬೇಡ, ಡಬ್ಬ ಕೊಡು" ಅಂತ ಹಸಿರು ಕ್ಯಾನು ತಂದರು. ನಾನು ತುಂಬಿದೆ, ಅವರೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದರು. ಮಧ್ಯಾಹ್ನದ ಶಿಫ್ಟಿಗೆ ಅವಳ ಸ್ಟೋವ್ ಭುಸುಗುಡುತ್ತಿತ್ತಂತೆ. ಬೋಂಡದವನು ಗಾಡಿ ಹಿಂದಕ್ಕೆ ತಳ್ಳಿದನಂತೆ. ನಾನು ನೋಡಲು ಹೋಗಲಿಲ್ಲ, ಕೈ ತುಂಬ ಕೆಲಸ ಇತ್ತು. ನನ್ನ ಡಬ್ಬದ ಸರದಿ ಬರುವಷ್ಟರಲ್ಲಿ ಬ್ಯಾರಲ್ ಖಾಲಿ. ಹಿಂದಿನ ಎಣ್ಣೆ ಮುಗಿದ ಮೇಲೆ ಮನೆಯಲ್ಲಿ ಸೌದೆ ಉರಿಸಿದೆವು, ಅತ್ತೆ ಹೊಗೆಗೆ ಕೆಮ್ಮುತ್ತಾ ನನ್ನ ವಂಶವನ್ನೆಲ್ಲ ನೆನೆದರು.

ಕ್ಷಮಿಸಿದಳೇ ಅಂದರೆ, ಅಷ್ಟು ಬೇಗ ಯಾರು ಕ್ಷಮಿಸುತ್ತಾರೆ. ಮುಂದಿನ ಮೂರು ಸಲವೂ ಅವಳು ಡಬ್ಬ ಇಟ್ಟು ಪಕ್ಕದಲ್ಲೇ ನಿಂತಳು. ಗೇಟಿನಲ್ಲಿ ದೊಡ್ಡ ಮಗಳನ್ನು ಕೂರಿಸಿ ಬರುತ್ತಿದ್ದಳು. ಆ ಮಗುವಿಗೆ ದೋಸೆ ತಿರುವಲು ಬರುತ್ತಿರಲಿಲ್ಲ, ಅರ್ಧ ಗಿರಾಕಿ ವಾಪಸು ಹೋಗುತ್ತಿದ್ದರು. ನಾನು ಪ್ರತಿ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯಲು ಶುರು ಮಾಡಿದೆ. ಅವಳು ನಿಂತೇ ಇದ್ದಳು. ನಾಲ್ಕನೇ ಸಲ ಬಂದಳು, ಹಸಿರು ಕ್ಯಾನು ಬಾಗಿಲ ಹತ್ತಿರ ಇಟ್ಟಳು, ನಾನು ಒಂದು ಅಂತ ಬರೆದೆ. "ಹಿಟ್ಟು ಹುಳಿ ಬರ್ತೈತೆ" ಅಂದು ಹೊರಟಳು. ರಸ್ತೆ ತಿರುವಿನವರೆಗೂ ನೋಡಿದೆ, ಒಂದು ಸಲವೂ ತಿರುಗಿ ನೋಡಲಿಲ್ಲ. ನನ್ನ ಖಾಯಂ ಆರ್ಡರು ಯಾವ ದಿನ ಕೈಗೆ ಬಂತು ಅಂತ ನೆನಪಿಲ್ಲ. ಇದು ನೆನಪಿದೆ.

ಶಿವಮೊಗ್ಗಕ್ಕೆ ಬಂದ ಮೇಲೆ ಕಂಡದ್ದು ಬೇರೆ. ಸೀಮೆಎಣ್ಣೆ ನಿಂತಿತು, ಕೂಪನ್ನು ಬಂತು, ಹೋಯಿತು, ಹೆಬ್ಬೆಟ್ಟಿನ ಮಿಷನ್ನು ಬಂತು. ಅಡಿಕೆ ಸುಲಿಯುವ ಹೆಂಗಸರ ಹೆಬ್ಬೆಟ್ಟು ಅದಕ್ಕೆ ಹಿಡಿಸುವುದಿಲ್ಲ. ಗಾಜನೂರು ಕಡೆಯಿಂದ ಬಂದ ಒಬ್ಬಳು ಹತ್ತು ಬೆರಳನ್ನೂ ಇಟ್ಟು ನೋಡಿ, "ಇನ್ನು ಕಾಲಿಂದು ಇಡ್ಲಾ ಮಾರಾಯ್ತಿ" ಅಂದಳು. ಅಶ್ವಿನಿ, ಅಂಥವರ ಬೆರಳು ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಎಣ್ಣೆ ಸವರಿ ಇಡಿಸು, ಹೆಚ್ಚು ಕಡಿಮೆ ತೆಗೆದುಕೊಳ್ಳುತ್ತದೆ. ಆಗುತ್ತಿರುವಾಗ ಹಿಂದಿನವರು ಗೊಣಗಿದರೆ ಗೊಣಗಲಿ, ಅವಳನ್ನು ಪಕ್ಕಕ್ಕೆ ನಿಲ್ಲಿಸಬೇಡ. ಪಕ್ಕಕ್ಕೆ ನಿಂತವಳು ಕ್ಯೂನಲ್ಲಿ ಇಲ್ಲ. ದೊಡ್ಡವರ ಮನೆ ಕಾರು ಬಂದು ಹಾರ್ನ್ ಹೊಡೆದರೆ ನಿನಗೆ ಕಿವಿ ಕೇಳುವುದಿಲ್ಲ ಅಂದುಕೋ. ಬಸುರಿ ಬಂದರೆ ನೀನು ಮುಂದೆ ಕರೆಯಬೇಡ, ಕ್ಯೂನವರನ್ನು ಕೇಳು. ಅವರೇ ಕರೆಯುತ್ತಾರೆ, ಆಗ ಯಾರೂ ಗೊಣಗುವುದಿಲ್ಲ.

ಹೋದ ವಾರ ನನ್ನದೇ ಕಾರ್ಡು ಹಿಡಿದುಕೊಂಡು ಅಶ್ವಿನಿಯ ಅಂಗಡಿಗೆ ಹೋದೆ. ಸರ್ವರ್ ಇಲ್ಲ ಅಂತ ಜನ ಚೀಲ ಇಟ್ಟು ನೆರಳು ಹುಡುಕಿಕೊಂಡು ಹೋಗಿದ್ದರು. ಆರು ಚೀಲ, ನನ್ನದು ಏಳನೆಯದು. ಮುಂದಿನದ್ದು ಯಾರದು ಅಂತ ಕೇಳಿ ಮುಖ ನೋಡಿಟ್ಟುಕೊಂಡೆ, ಸ್ಕೂಲು ಮೇಷ್ಟರ ಹೆಂಡತಿ. ಅಷ್ಟರಲ್ಲಿ ಅಕ್ಕಿ ಲಾರಿ ಬಂತು. ಅಶ್ವಿನಿ ಚೀಲ ಸರಿಸಲು ಹೊರಗೆ ಬಂದಳು. ತಲೆ ಬಾಲ ನೋಡಿಕೋ ಅಂತ ಹೇಳಲು ನಾನು ಬಾಯಿ ತೆರೆದೆ.

ಅವಳು ಮೊಬೈಲು ತೆಗೆದು ಚೀಲಗಳ ಫೋಟೋ ಹೊಡೆದುಕೊಂಡಳು. ಆಮೇಲೆ ಬಗ್ಗಿ ಮೊದಲನೇ ಚೀಲ ಎತ್ತಿದಳು.

"ಬಿಸಿಲಲ್ಲಿ ಯಾಕೆ ನಿಂತ್ಕೊಂಡ್ರಿ ಅಜ್ಜಿ, ಹೋಗಿ ಟೀ ಕುಡೀರಿ" ಅಂದಳು.

ಹೋದೆ. ತಿರುಗಿ ನೋಡಲಿಲ್ಲ.